ಕಾಲು ಹಿಡಿದ ವಸ್ತಾದರು

ಬೆಳಗಿನ ಆರೂಮುಕ್ಕಾಲು. ಕುಸ್ತಿಯಲ್ಲಿ ಜಜ್ಜಿ ಜಜ್ಜಿ ಒಣ ಅಂಜೂರದಂತೆ ಮುದುಡಿದ ಎರಡು ಕಿವಿ, ಮೊಣಕಾಲಿನವರೆಗೆ ಕೆಮ್ಮಣ್ಣು. ಮುಗದ ಊರಿನ ಗರಡಿಮನೆಯಲ್ಲಿ ನಮ್ಮ ವಸ್ತಾದರು ಹುಡುಗಿಯೊಬ್ಬಳಿಗೆ ಪಟ್ಟು ತೋರಿಸಲು ಬಗ್ಗಿದವರು ಒಮ್ಮೆ ಸೀನಿದರು. ಕಟ್ಟಿಗೆ ಮುರಿದಂಥ ಸದ್ದು. ಪಕ್ಕೆ ಹಿಡಿದು ಕೂತುಬಿಟ್ಟರು. ಈಗಲೂ ಬಸ್ಸಿನಲ್ಲಿ ಯಾರಾದರೂ ಸೀನಿದರೆ ನಾನು ಬೆಚ್ಚುತ್ತೇನೆ.

ನನಗೆ ಕುಸ್ತಿ ಕಲಿಸಿದವರು ಅವರು. ಹೆಣ್ಣುಮಕ್ಕಳು ಗರಡಿ ಮೆಟ್ಟಬಾರದೆಂದು ಊರವರು ತಕರಾರು ತೆಗೆದಾಗ, "ಬಿದ್ದವರು ಗಂಡೋ ಹೆಣ್ಣೋ ಅಂತ ಮಣ್ಣಿಗೇನ ಗೊತ್ತಾಗತೈತ್ರಿ?" ಎಂದು ಕೇಳಿ ನನ್ನನ್ನು ಒಳಗೆ ಕರೆದಿದ್ದರು. ಇಂದು ನಾನು ಧಾರವಾಡದ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ಕಲಿಸುತ್ತಿರುವುದು ಆ ಒಂದು ಮಾತಿನಿಂದ. ಅವರು ಸಿಟ್ಟು ಬಂದರೂ ಬೈಯುವವರಲ್ಲ. ತಪ್ಪು ಮಾಡಿದವರನ್ನು ಎಲ್ಲರ ಹಾಲಿಗೆ ಬಾದಾಮಿ ಅರೆಯಲು ಕೂರಿಸುತ್ತಿದ್ದರು.

ಆ ಸೀನಿಗೂ ಮೊದಲೇ ಪಕ್ಕೆಯ ಮೇಲೆ ಒಂದು ಗಂಟಿತ್ತು. ಹಳೇ ಪೆಟ್ಟೆಂದು ಶಿಷ್ಯರಿಂದ ಎಣ್ಣೆ ಹಚ್ಚಿ ತಿಕ್ಕಿಸಿಕೊಳ್ಳುತ್ತಿದ್ದರು. ಗರಡಿಯಲ್ಲಿ ಎಲ್ಲ ನೋವಿಗೂ ಅದೇ ಮದ್ದು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಪರೀಕ್ಷೆಗಳೆಲ್ಲ ಮುಗಿದ ಮೇಲೆ ವೈದ್ಯೆ ನಿಧಾನವಾಗಿ ಹೇಳಿದರು: ಇದು ಪ್ಲಾಸ್ಮಾ ಕೋಶಗಳ ಕ್ಯಾನ್ಸರ್, ಅಪರೂಪದ್ದು, ಬಲು ವೇಗದ್ದು, ಅಸ್ಥಿಮಜ್ಜೆಯಲ್ಲಿ ಹುಟ್ಟಿ, ಎಲುಬು ತಿಂದು, ಈಗ ರಕ್ತಕ್ಕೂ ಪಕ್ಕೆಯ ಮಾಂಸಕ್ಕೂ ದಾಟಿದೆ.

ಅವರ ಹೆಂಡತಿ, ನಮಗೆಲ್ಲ ಕಾಕು, ನನ್ನ ಕೈ ಗಟ್ಟಿಯಾಗಿ ಹಿಡಿದರು.

"ನನಗಿಂತ ಜೋರದಾನೇನ್ರಿ ಅಂವಾ?" ಎದುರಾಳಿಯೊಬ್ಬನ ಬಗ್ಗೆ ಎಂಬಂತೆ ವಸ್ತಾದರು ಕೇಳಿದರು.

"ಹೌದ್ರಿ. ಭಾಳ ಜೋರದಾನ," ಎಂದರು ವೈದ್ಯೆ.

"ಹಂಗಾರ ಕಾಲ ಹಿಡೀಬೇಕಾತು."

ಕಾಕು ಅತ್ತುಬಿಟ್ಟರು. "ಯಾರ ಕಾಲೂ ಹಿಡದವರಲ್ಲ. ಈಗ ಹಿಂಗಂತಾರ ನೋಡವಾ."

"ಏ ಹುಚ್ಚಿ, ಬೇಡಾಕಲ್ಲ, ಕೆಡವಾಕ. ದೊಡ್ಡಾಂವ್ಗ ಎದಿ ಕೊಟ್ರ ಸಾಯ್ತೀವಿ. ತೆಳಗ ಹೊಕ್ಕು ಕಾಲ ಎಳೀಬೇಕು."

ಹಾಗೆಯೇ ಮಾಡಿದರು. ಎಲ್ಲಿಯೂ ಪೈಲ್ವಾನಕಿ ತೋರಿಸಲಿಲ್ಲ. ಸೂಜಿ ಚುಚ್ಚಬೇಕೆಂದಾಗ ಹೊಟ್ಟೆ ಕೊಟ್ಟರು, ಉಣ್ಣೆಂದಾಗ ವಾಂತಿ ತಡೆದು ಉಂಡರು, ಮಗುವಿನಂತೆ ಮಾತು ಕೇಳಿದರು. ಅವರದೇ ರಕ್ತದಿಂದ ತೆಗೆದಿಟ್ಟ, ಹೊಸ ರಕ್ತ ಹುಟ್ಟಿಸುವ ಕಾಂಡಕೋಶಗಳನ್ನು ಮರಳಿ ಅವರಿಗೇ ಕೊಟ್ಟ ಮೇಲೆ ಜ್ವರ ಏರಿ, ನಮ್ಮ ಗುರುತೇ ಹಿಡಿಯದಾದರು. ಅವರ ತೊಡೆ ನನ್ನ ತೋಳಿನಷ್ಟಾಗಿತ್ತು. ಆಗ ನಾನು ಆಸೆ ಬಿಟ್ಟಿದ್ದೆ. ಅವರು ಬಿಡಲಿಲ್ಲ.

ಜ್ವರ ಇಳಿಯಿತು. ಗಂಟು ಕರಗಿತು. ರಕ್ತದಲ್ಲೂ ಮಜ್ಜೆಯಲ್ಲೂ ರೋಗದ ಸುಳಿವಿಲ್ಲ ಎಂದ ವೈದ್ಯೆ, "ತಿರುಗಿ ಬರಬಹುದ್ರಿ, ಎಚ್ಚರಿರಬೇಕು" ಎಂದೂ ಹೇಳಿದರು.

"ಬರ್ಲೇಳ್ರಿ. ಅಂವನ ಪಟ್ಟು ನೋಡೇನಲ್ಲ."

ರೋಗವಿದ್ದ ಅಷ್ಟೂ ತಿಂಗಳು ಎಲುಬಿನ ನೋವಿಗೆ ಮಲಗಲಾಗದೆ ಅವರು ಗೋಡೆಗೆ ಒರಗಿ ಕೂತೇ ತೂಕಡಿಸುತ್ತಿದ್ದರು, ಜೊತೆಗೆ ಕಾಕೂ. ಮನೆಗೆ ಮರಳಿದ ಮೇಲೆ ಒಂದು ಭಾನುವಾರ ಹೋದೆ. ಬಿಸಿಲು ಅಂಗಳ ದಾಟಿತ್ತು. ಕಾಕು ಬಾಯಿಗೆ ಬೆರಳಿಟ್ಟು ಬಾಗಿಲಲ್ಲಿ ನಿಂತಿದ್ದರು.

"ರಾತ್ರಿ ಮಲಗಿದವರು ಇನ್ನೂ ಎದ್ದಿಲ್ಲವಾ. ನಾನೂ ಈಗ ಎದ್ನಿ. ಹಾಲಿನಾಂವ ಬಂದು ಹೋದದ್ದೂ ಗೊತ್ತಾಗಿಲ್ಲ."

ಒಳಗೆ ವಸ್ತಾದರು ಅಂಗಾತ ಮಲಗಿ, ಓಣಿಗೆಲ್ಲ ಕೇಳುವಂತೆ ಗೊರಕೆ ಹೊಡೆಯುತ್ತಿದ್ದರು. ಕಾಕು ನಾಚಿ ಬಾಗಿಲು ಮುಂದೆ ಮಾಡಲು ಹೋದರು. ಬೇಡವೆಂದೆ.