ಮೇಷ್ಟ್ರು ಓದಿಸಿದ ಕಾಗದ

ನಮ್ಮ ಮೊಮ್ಮಗಳು ಕಾಲೇಜು ಸೇರುವ ಪರೀಕ್ಷೆಗೆ ಓದುತ್ತಿದ್ದಾಳೆ. ಪಡಸಾಲೆಯ ತುಂಬ ಅವಳದೇ ಪುಸ್ತಕ, ಕಾಲಿಡಲು ಜಾಗವಿಲ್ಲ. ಮೊನ್ನೆ ಒಂದನ್ನು ಎತ್ತಿ ನೋಡಿದೆ. ಒಂದು ಪುಟ ಇಂಗ್ಲಿಷ್ ಗದ್ಯ, ಕೆಳಗೆ ಐದು ಪ್ರಶ್ನೆ. "ಪೂರ್ತಿ ಓದೋದೇ ಬೇಡ ತಾತ, ಪ್ರಶ್ನೇಲಿರೋ ಪದ ಮೇಲೆ ಎಲ್ಲಿದೆ ಅಂತ ಹುಡುಕಿದ್ರೆ ಉತ್ತರ ಸಿಕ್ಕಿಬಿಡುತ್ತೆ" ಎಂದು ಗುಟ್ಟು ಹೇಳಿಕೊಟ್ಟಳು. ಅಯ್ಯೋ ಮಗಳೇ! ಈ ಗುಟ್ಟನ್ನು ನಾನು ಇವಳಪ್ಪ ಹುಟ್ಟುವ ಮುಂಚೆಯೇ ಕಂಡುಹಿಡಿದಿದ್ದೆ. ಅದನ್ನು ನಂಬಿಯೇ ಡುಮ್ಕಿ ಹೊಡೆದಿದ್ದೆ.

ಮೂವತ್ತರ ದಶಕದ ಮಾತು ಇದು. ನಮ್ಮೂರು ಹನಕೆರೆ. ಆಗ ಓದುವುದೆಂದರೆ ಗಟ್ಟಿಯಾಗಿ ಓದುವುದು. ನಾನು ಜಗಲಿಯ ಮೇಲೆ ಕೂತು ಇಂಗ್ಲಿಷ್ ಪಾಠ ಒಪ್ಪಿಸುತ್ತಿದ್ದರೆ ನೀರಿಗೆ ಹೊರಟ ಹೆಂಗಸರು ನಿಂತು ಕೇಳುತ್ತಿದ್ದರು. "ನಮ್ ಮಗ ಓದ್ತಾ ಇದ್ರೆ ಮಳೆ ಉಯ್ದಂಗೆ ಕಣಮ್ಮ" ಎಂದು ಅವ್ವ ಹಿಗ್ಗುತ್ತಿದ್ದಳು. ಮಳೆಯೇನೋ ಹುಯ್ಯುತ್ತಿತ್ತು, ಒಂದು ಹನಿಯೂ ನನ್ನ ತಲೆಯೊಳಕ್ಕೆ ಇಳಿಯುತ್ತಿರಲಿಲ್ಲ. ಉರು ಹೊಡೆದ ಪಾಠ ಬಂದರೆ ಬದುಕಿದೆ. ಕಾಲೇಜು ಸೇರುವ ಪರೀಕ್ಷೆಯಲ್ಲಿ ನಾನು ಎಂದೂ ನೋಡಿರದ ಗದ್ಯ ಕೊಟ್ಟರು. ಕುದುರೆ ಸತ್ತದ್ದು ಯಾಕೆ ಎಂಬುದು ಒಂದು ಪ್ರಶ್ನೆ. ಕುದುರೆ ಎಂಬ ಪದ ಇದ್ದ ಮೊದಲ ಸಾಲನ್ನೇ ಮುತ್ತು ಪೋಣಿಸಿದ ಹಾಗೆ ನಕಲು ಇಳಿಸಿದೆ. ಆ ಸಾಲಿನಲ್ಲಿ ಇದ್ದದ್ದು ಕುದುರೆಯ ಬಣ್ಣವಂತೆ. ನಗಬೇಡಿ, ನಮ್ಮಪ್ಪ ನಗಲಿಲ್ಲ.

"ಗಂಟ್ಲು ಅರ್ಕೊಂಡು ಓದಿದ್ದೆಲ್ಲ ಎಲ್ಲೋಯ್ತ್ಲಾ? ಇನ್ನೊಂದ್ ಕಿತ ಪರೀಕ್ಸೆ ಕಟ್ಟು. ಆಗ್ಲೂ ಆಗ್ನಿಲ್ಲ ಅಂದ್ರೆ ಕಾಲೇಜು ಗೀಲೇಜು ಬುಟ್ಬುಟ್ಟು ಕಬ್ಬಿನ ಗಾಡಿ ಒಡಿ" ಎಂದ ಅಪ್ಪ. ಗಾಡಿ ಹೊಡೆಯುವುದು ಕೀಳೆಂದಲ್ಲ. ಆದರೆ ನನಗೆ ಎತ್ತು ಕಂಡರೆ ಭಯ, ಎತ್ತುಗಳಿಗೂ ಅದು ಗೊತ್ತಿತ್ತು.

ಅಪ್ಪ ನನ್ನನ್ನು ಮದ್ದೂರಿನ ಪೆನ್ಷನ್ ಮೇಷ್ಟ್ರೊಬ್ಬರ ಮನೆಗೆ ಕರೆದುಕೊಂಡು ಹೋದ, ಜೊತೆಗೆ ನಾಲ್ಕು ಅಚ್ಚು ಬೆಲ್ಲ. ಮೇಷ್ಟ್ರಿಗೆ ಕಣ್ಣು ಮಂಜಾಗುತ್ತಾ ಬಂದಿತ್ತು. "ಬೆಲ್ಲ ಇರಲಿ ಗೌಡರೇ, ಫೀಜು ಬೇಡ. ಹುಡುಗ ದಿನಾ ಬಂದು ನನಗೆ ಇಂಗ್ಲಿಷ್ ಪೇಪರ್ ಓದಿ ಹೇಳಲಿ" ಎಂದರು. ಮಾರನೆಯ ದಿನದಿಂದ ಬೆಳಗಿನ ರೈಲು ಹತ್ತಿದೆ.

ಮೊದಲ ದಿನ ಜಗಲಿಯ ಗತ್ತಿನಲ್ಲೇ ಅರ್ಧ ಪುಟ ಓದಿದೆ. ಮೇಷ್ಟ್ರು, "ಏನಂತೆ?" ಎಂದರು. ಇನ್ನೊಂದು ಸಲ ಓದಿದೆ, ಇನ್ನೂ ಗಟ್ಟಿಯಾಗಿ.

"ಕಣ್ಣು ಹೋಗಿರೋದು ಕಣೋ, ಕಿವಿ ಅಲ್ಲ. ಏನಂತೆ ಅಂದೆ. ಪಕ್ಕದ ಬೀದೀಲಿ ಗಲಾಟೆ ಆಯ್ತು, ನೀನು ನೋಡ್ಕೊಂಡು ಬಂದೆ, ನಿಮ್ಮವ್ವ ಏನಂತೋ ಅಂತಾಳೆ. ಅವಳಿಗೆ ಹೆಂಗೆ ಹೇಳ್ತೀಯೋ ಹಂಗೆ ಹೇಳು."

ಮೂರನೆಯ ಸಲ ಓದಲು ಹೊರಟೆ, ಮೇಷ್ಟ್ರು ತಡೆದರು. ಅಂದಿನಿಂದ ಬಾಯಿಬಿಟ್ಟು ಓದುವುದು ಬಂದ್. ಮನಸ್ಸಿನಲ್ಲೇ ಓದಬೇಕು, ಪೇಪರ್ ಮಡಿಸಬೇಕು, ಆಮೇಲೆ ಕನ್ನಡದಲ್ಲಿ ಹೇಳಬೇಕು. ಆರು ತಿಂಗಳು ತಡವರಿಸಿದೆ. ಯಾವುದೋ ದೇಶದ ಮಂತ್ರಿ ರಾಜೀನಾಮೆ ಕೊಟ್ಟರೆ ನನಗೇನು, ಹೇಳಿ!

ಪರೀಕ್ಷೆ ಹತ್ತಿರ ಬಂದಿತ್ತು. ಒಂದು ದಿನ ಮೇಷ್ಟ್ರು ಪೇಪರಿನ ಬದಲು ಒಂದು ಕಾಗದ ಕೊಟ್ಟರು. ಮೈಸೂರಿನ ಕಣ್ಣಿನ ಡಾಕ್ಟರು ಇಂಗ್ಲಿಷಿನಲ್ಲಿ ಬರೆದದ್ದು. ಓದಿದೆ. ಬಲಗಣ್ಣು ಆಗಲೇ ಹೋಗಿದೆ, ಎಡಗಣ್ಣೂ ವರ್ಷದೊಳಗೆ ಹೋಗುತ್ತದೆ, ಆಪರೇಷನ್ ಮಾಡಿ ಪ್ರಯೋಜನವಿಲ್ಲ ಎಂದಿತ್ತು. ಒಂದು ಪದಕ್ಕೂ ತಡೆಯಲಿಲ್ಲ.

"ಏನಂತೆ?"

"ಬ್ಯಾಸ್ಗೆ ಕಳೀಲಿ, ಆಮ್ಯಾಕೆ ಇನ್ನೊಂದ್ ಕಿತ ನೋಡಮ ಅಂತ ಬರ್ದವ್ರೆ ಸಾ. ಎಡಗಣ್ಗೇನೂ ಭಯ ಇಲ್ವಂತೆ."

ಮೇಷ್ಟ್ರು ನಕ್ಕರು. "ಇಷ್ಟು ದಿನದಲ್ಲಿ ಒಂದು ಸುದ್ದೀನಾದ್ರೂ ಹಿಂಗೆ ನೀರು ಕುಡಿದ ಹಾಗೆ ಹೇಳಿದ್ದೀಯೇನೋ? ಪೂರ್ತಿ ಅರ್ಥ ಆಗದಿದ್ರೆ ನಿನಗೆ ಈ ಸುಳ್ಳು ಹೇಳಕ್ಕೆ ಬರ್ತಿರಲಿಲ್ಲ. ಪಾಸಾಗ್ತೀಯ ಹೋಗು. ಈಗ ಅದರಲ್ಲಿ ಇರೋದನ್ನ ಹೇಳು."

ಹೇಳಿದೆ. ಅಳುತ್ತಲೇ ಹೇಳಿದೆ. ಅವರು ಪ್ರತಿ ಸಾಲಿಗೂ "ಸರಿ, ಆಮೇಲೆ?" ಎನ್ನುತ್ತಿದ್ದರು.

ಪಾಸಾದೆ. ಸುದ್ದಿ ಹೇಳಲು ಮದ್ದೂರಿಗೆ ಓಡಿದಾಗ ಮೇಷ್ಟ್ರು ಮಲಗಿದ್ದರು. ಅವರ ಹೆಂಡತಿ ನನಗೆ ಕಾಫಿ ಕೊಟ್ಟು ಎದುರಿಗೆ ಕೂತರು. "ಆ ಕಾಗದ ಬಂದ ದಿನವೇ ಪೋಸ್ಟ್ ಮಾಸ್ಟರು ಓದಿ ಹೇಳಿದ್ರು ಕಣಪ್ಪ. ನಾನು ಊಟ ಬಿಟ್ಟು ಅತ್ತೆ. ಇವರು ಮಡಿಸಿ ಪೆಟ್ಟಿಗೇಲಿಟ್ಟು, ಪೇಪರಿನ ಸುದ್ದಿ ಆ ಹುಡುಗನಿಗೆ ತಾಕ್ತಾ ಇಲ್ಲ, ಇದು ತಾಕುತ್ತೆ, ಅವನ ಕೈಲಿ ಓದಿಸ್ತೀನಿ ಅಂದ್ರು" ಎಂದರು. ತಮ್ಮ ಕಣ್ಣು ಹೋಗುವ ಸುದ್ದಿಯನ್ನೇ ನನಗೆ ಪಾಠ ಮಾಡಿದ್ದರು ಆ ಪುಣ್ಯಾತ್ಮರು.

ಇದನ್ನೆಲ್ಲ ಮೊಮ್ಮಗಳಿಗೆ ಹೇಳಿದೆ. ಎಷ್ಟೋ ಜನರಿಗೆ ಹೇಳಿದ ಕಥೆ ಇದು. ಕೇಳಿದವರೆಲ್ಲ ಮೇಷ್ಟ್ರನ್ನು ಹೊಗಳುತ್ತಾರೆ, ನಾನೂ ಜೊತೆಗೆ ಹೊಗಳಿ ಎಲೆಅಡಿಕೆ ಹಾಕಿಕೊಳ್ಳುತ್ತೇನೆ. ಹುಡುಗಿ ಹೊಗಳಲಿಲ್ಲ. ಕೇಳಿದಳು: "ನೀನು ಕಾಲೇಜಿಗೆ ಹೋದ ಮೇಲೆ ಅವರಿಗೆ ಪೇಪರ್ ಯಾರು ಓದ್ತಿದ್ರು ತಾತ?"

ಇಷ್ಟು ವರ್ಷ ಈ ಪ್ರಶ್ನೆ ನನ್ನ ತಲೆಗೆ ಹೊಳೆದೇ ಇರಲಿಲ್ಲ.

"ಗೊತ್ತಿಲ್ಲ ಕಣಮ್ಮ," ಎಂದೆ. "ನಾನು ವಿಚಾರಿಸಲೇ ಇಲ್ಲ."