ಎರಡು ಸ್ವರದಲ್ಲಿ ಐದು ಅಕ್ಷರ

ಬೆಳಕು ಹರಿಯುವ ಮೊದಲೇ ಪಿಸಿಲಾ ಅಂಗಳ ಗುಡಿಸಿದಳು, ಕೋಕೋ ಕುದಿಸಿದಳು, ಅತ್ತೆಯ ಬೆನ್ನಿಗೆ ಎಣ್ಣೆ ತಿಕ್ಕಿದಳು, ಗಂಡನ ಬಿಳಿ ಅಂಗಿಗೂ ಪಂಚೆಗೂ ಇಸ್ತ್ರಿ ಮಾಡಿದಳು, ಕಾಯಿಹಾಲು ಹಿಂಡಿ ಕೆಸುವಿನೆಲೆಯ ಪೊಟ್ಟಣ ಕಟ್ಟಿಟ್ಟಳು. ಆಮೇಲೆ ಇಸ್ತ್ರಿ ಮೇಜಿನ ಮೇಲೇ ಲ್ಯಾಪ್‌ಟಾಪ್ ತೆರೆದಳು.

ಗಂಡ ಮತಾಯೋ ಚರ್ಚಿನ ಹಾಡುಮೇಳ ನಡೆಸುವವನು. ಊರು ಅವನನ್ನು ಮೇಷ್ಟ್ರು ಎನ್ನುತ್ತದೆ. ಅವನು ಹಾಡಿಸಿದ್ದನ್ನು ಸ್ವರಲಿಪಿಯಾಗಿ ಟೈಪ್ ಮಾಡುವವಳನ್ನು ಏನೂ ಅನ್ನುವುದಿಲ್ಲ.

ಹತ್ತು ಗಂಟೆಯೊಳಗೆ ದ್ವೀಪದ ರಾಜಧಾನಿ ಅಪಿಯಾದ ಅಚ್ಚುಮನೆಗೆ ಪುಟ ಕಳಿಸಬೇಕಿತ್ತು. ಅಚ್ಚಾದ ಪುಸ್ತಕ ಎಲ್ಲ ಊರುಗಳ ಮೇಳಕ್ಕೂ ಹೋಗುತ್ತದೆ; ಅದರಲ್ಲಿ ಇದ್ದದ್ದೇ ಮುಂದೆ ಹಾಡಾಗುತ್ತದೆ. ಹಾಡಿಗೆ ಎರಡು ಚರಣ, ರಾಗ ಒಂದೇ. ಮೊದಲನೆಯದು ಗಂಡಸರದು. ಎರಡನೆಯದು ಹೆಂಗಸರದು, ಅದನ್ನು ಕಟ್ಟಿದವಳು ಪಿಸಿಲಾಳ ದೊಡ್ಡಮ್ಮ ಲೋಸಾ. ಸ್ವರಗಳನ್ನು ಒಮ್ಮೆ ಬರೆದು, ಕೊನೆಗೆ ‘ಮತ್ತೆ ಹಾಡಿ’ ಎನ್ನುವ ಎರಡು ಚುಕ್ಕಿ ಇಟ್ಟು, ಕೆಳಗೆ ಎರಡು ಸಾಲು ಮಾತು ಕೂರಿಸುವುದು ವಾಡಿಕೆ.

ತೊಡಕಾದದ್ದು ಒಂದೇ ಪದ. ಗಂಡಸರ ಸಾಲಿನಲ್ಲಿ ‘ತಮಾ’, ಅಂದರೆ ಅಪ್ಪ. ಎರಡು ಸ್ವರಕ್ಕೆ ಎರಡು ಅಕ್ಷರ. ಅದೇ ಜಾಗದಲ್ಲಿ ಲೋಸಾ ‘ತಮಇತಇ’ ಎಂದಿದ್ದಳು, ಅಂದರೆ ಹೆಣ್ಣು. ಐದು ಅಕ್ಷರ. ಆ ಐದನ್ನೂ ಎರಡು ಸ್ವರದ ಹೊತ್ತಿನಲ್ಲೇ ಹೊಂದಿಸಿ ಹಾಡಿ ಹೆಂಗಸರಿಗೆ ರೂಢಿಯಾಗಿತ್ತು. ಕಂಪ್ಯೂಟರಿಗೆ ಆ ರೂಢಿ ಇರಲಿಲ್ಲ. ಮಿಕ್ಕ ಮೂರು ಅಕ್ಷರವನ್ನು ಅದು ಮುಂದಕ್ಕೆ ತಳ್ಳಿತು. ಅಲ್ಲಿಂದಾಚೆ ಪ್ರತಿ ಮಾತೂ ಇನ್ನೊಂದರ ಸ್ವರದ ಕೆಳಗೆ ಹೋಗಿ ಕೂತಿತು.

“ಆ ಯಂತ್ರದಲ್ಲೂ ಹೆಂಗಸರಿಗೆ ಜಾಗ ಸಾಲ್ತಿಲ್ಲ ನೋಡು,” ಎಂದಳು.

ಮತಾಯೋ ಕೋಕೋ ಹೀರುತ್ತ ಬಗ್ಗಿ ನೋಡಿದ. “‘ತಿನಾ’ ಅಂತ ಹಾಕ್ಬಿಡು. ಎರಡೇ ಅಕ್ಷರ. ಅಮ್ಮ ಅಂದ್ರೂ ಹೆಂಗಸೇ ಅಲ್ವಾ?”

“ಲೋಸಾ ದೊಡ್ಡಮ್ಮ ಅಮ್ಮ ಆಗಿರ್ಲಿಲ್ಲ.”

“ಊರಲ್ಲಿ ಅರ್ಧ ಮಕ್ಕಳ ಮೂಗು ಒರೆಸಿದ್ದು ಅವಳೇ.”

“ಒರೆಸಿದ್ಲು. ಆದ್ರೂ ತಿನಾ ಅಂತ ಬರೀಲಿಲ್ಲ. ಚುಕ್ಕಿ ತೆಗೆದು ಎರಡನೇ ಸಲದ್ದನ್ನೂ ಪೂರ್ತಿ ಬರೀತೀನಿ.”

“ಎರಡು ಪುಟ ಆಗುತ್ತೆ ಕಣೇ. ಹಾಡೋ ಮಧ್ಯೆ ತಿರುವೋರು ಯಾರು?”

“ಬೀಸಣಿಗೆ ಬೀಸ್ಕೊಳ್ಳೋ ಕೈಗೆ ಪುಟ ಭಾರಾನಾ?”

ಅವನು ನಕ್ಕ. “ನಿನಗೇ ಕೆಲಸ ಕಡಿಮೆ ಆಗ್ಲಿ ಅಂತ ಹೇಳ್ದೆ,” ಎಂದು ಇಸ್ತ್ರಿಯ ಅಂಗಿ ತೊಟ್ಟು ಚರ್ಚಿಗೆ ಹೊರಟ. ಮನಸ್ಸಿನಿಂದಲೇ ಹೇಳಿದ್ದ. ಅಂಗಿಯ ವಿಷಯದಲ್ಲಿ ಮಾತ್ರ ಆ ಯೋಚನೆ ಅವನಿಗೆ ಇಪ್ಪತ್ತೆರಡು ವರ್ಷದಲ್ಲಿ ಬಂದಿರಲಿಲ್ಲ.

ಪಿಸಿಲಾ ‘ತಿನಾ’ ಎಂದು ಹೊಡೆದು ನೋಡಿದಳು. ಸಾಲೆಲ್ಲ ನೆಟ್ಟಗೆ ಕೂತಿತು. ಮೆಲ್ಲಗೆ ಗುನುಗಿದಳು, ಚೆನ್ನಾಗಿಯೇ ಇತ್ತು. ಆದರೆ ಆ ಪದದೊಳಗೆ ಲೋಸಾ ಇರಲಿಲ್ಲ. ಮಕ್ಕಳಿಲ್ಲದ ಪಿಸಿಲಾಳೂ ಇರಲಿಲ್ಲ.

ಅದನ್ನು ಅಳಿಸಿದಳು. ಎರಡು ಚುಕ್ಕಿ ತೆಗೆದಳು. ರಾಗವನ್ನು ಇನ್ನೊಮ್ಮೆ ಉದ್ದಕ್ಕೂ ಇಳಿಸಿ, ಆ ಎರಡು ಸ್ವರವನ್ನು ಐದಾಗಿ ಒಡೆದು, ಅಕ್ಷರಗಳ ನಡುವೆ ಅಡ್ಡಗೆರೆ ಹಾಕಿ ಒಂದೊಂದನ್ನೇ ಕೂರಿಸಿದಳು. ಪುಟ ಎರಡಾಯಿತು.

ಗಂಡನನ್ನು ಇನ್ನೊಮ್ಮೆ ಕೇಳುವುದಾದರೆ ಚರ್ಚು ರಸ್ತೆಯಾಚೆಗೇ ಇತ್ತು. ಅವಳು ಎದ್ದು ಹೋಗಲಿಲ್ಲ. ಎರಡೂ ಪುಟವನ್ನು ಅಚ್ಚುಮನೆಗೆ ಕಳಿಸಿಬಿಟ್ಟಳು.