ಮಾವ ಒಪ್ಪದ ಆಲ್ಬಮ್ಮು

ಹಾಲು ಕರೆದು ಕರೆದು ನನ್ನ ಸೋದರಮಾವನ ಎರಡೂ ಹೆಬ್ಬೆರಳಿನ ಗೆಣ್ಣು ಜಡ್ಡುಗಟ್ಟಿ ನೆಲ್ಲಿಕಾಯಿ ಗಾತ್ರವಾಗಿದ್ದವು. ಬೆರಳ ತುದಿಯ ಚರ್ಮ ಎಷ್ಟು ಒರಟಾಗಿತ್ತೆಂದರೆ ಅವನು ಮುಟ್ಟಿದ್ದು ಫೋನಿನ ಪರದೆಗೇ ತಿಳಿಯುತ್ತಿರಲಿಲ್ಲ. ಆಲ್ಬಮ್ಮನ್ನು ಮೊದಲಿನಿಂದ ಕೊನೆಯವರೆಗೆ ಕೇಳಬೇಕು, ಒಂದು ಹಾಡನ್ನೂ ಹಾರಿಸಕೂಡದು ಎನ್ನುವುದು ಅವನ ಕಟ್ಟುನಿಟ್ಟಿನ ನೇಮ. "ನೇಮನೂ ಇಲ್ಲ ಗೀಮನೂ ಇಲ್ಲ ಕಣವ್ವ. ನಿಮ್ಮಾವ ಒತ್ತುದ್ರೆ ಫೋನು ಕೇಳಕಿಲ್ಲ, ಅಷ್ಟೇಯ" ಎಂದು ಅತ್ತೆ ನಗುತ್ತಿದ್ದಳು.

ಹೊಣಕೆರೆ ಪಕ್ಕದ ಹಳ್ಳಿಯಲ್ಲಿ ಸೀಮೆಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಿದ್ದ ಮನುಷ್ಯ. ರಾಕ್ ಸಂಗೀತದ ಹುಚ್ಚು ಹಿಡಿದದ್ದು ಕ್ಯಾಸೆಟ್ಟಿನ ಕಾಲದಲ್ಲಿ, ಮೈಸೂರಿನ ಹಾಸ್ಟೆಲಿನಲ್ಲಿ. ಡಿಗ್ರಿ ಮುಗಿಸಿ ಊರಿಗೆ ಬಂದ, ಹುಚ್ಚೂ ಜೊತೆಗೆ ಬಂತು. ಕೊಟ್ಟಿಗೆಯ ಕಂಬಕ್ಕೆ ಸ್ಪೀಕರು ತೂಗುಹಾಕಿ, ಹಾಲು ಕರೆಯುವ ಹೊತ್ತಿಗೆ ಗಿಟಾರು ಶುರು ಮಾಡಿಸುತ್ತಿದ್ದ. ನಾಗಮಂಗಲದಿಂದ ರಜೆಗೆಂದು ಹೋಗುತ್ತಿದ್ದ ನಾನು ಕೆಟ್ಟದ್ದೂ ಅಲ್ಲಿಯೇ.

ಅವನ ಜೊತೆ ಸಂಗೀತದ ಮಾತಾಡುವುದೆಂದರೆ ಗೋಡೆಗೆ ತಲೆ ಚಚ್ಚಿಕೊಂಡ ಹಾಗೆ. ಎರಡು ಡಿಸ್ಕಿನ ಆಲ್ಬಮ್ಮಿನ ಮಾತೆತ್ತಿದರೆ, "ಒಂದ್ ಕ್ಯಾನ್ ಆಲಿಗೆ ನೀರು ಬೆರ್ಸಿ ಎಲ್ಡು ಕ್ಯಾನ್ ಮಾಡವ್ರೆ." ರಾಕ್ ಹಾಡಿನಲ್ಲಿ ಸಾಲು ಪಿಟೀಲು ಕೇಳಿಸಿತೋ, "ಕಾಸ್ ಬಂತು, ಆಡು ಓಯ್ತು." ಸಿನಿಮಾದ ಹಂಗಿಲ್ಲದೆ ತಮ್ಮ ಹಾಡು ತಾವೇ ಕಟ್ಟುವ ಬೆಂಗಳೂರಿನ ಇಂಡೀ ತಂಡಗಳಂತೂ ಅವನ ಪಾಲಿಗೆ ಬಾಯಲ್ಲಿ ಮುದ್ದೆ ಇಟ್ಟುಕೊಂಡು ಹಾಡುವವರು. ನಾನು ಜೀವದಂತೆ ಹಚ್ಚಿಕೊಂಡಿದ್ದ ಒಂದು ಆಲ್ಬಮ್ಮಿತ್ತು. ಮೂರು ಜನ ಹುಡುಗಿಯರು ಮೆಲ್ಲಗೆ, ಒಳಗೊಳಗೇ ಹಾಡಿದ್ದು. ಅದನ್ನು ಕೇಳಿ, "ಅಳಕೂ ಬೇಜಾರು ಈ ಮಕ್ಳಿಗೆ" ಅಂದುಬಿಟ್ಟ. ಅವತ್ತು ಊಟ ಮಾಡದೆ ಬಸ್ಸು ಹತ್ತಿದೆ. ವಾರ ಕಳೆಯುವುದರೊಳಗೆ, ಅತ್ತೆಯ ಕೈಲಿ ಫೋನು ಒತ್ತಿಸಿ ಕಳಿಸಿದ ಅವನದೇ ವಾಯ್ಸ್ ಮೆಸೇಜು ಬಂತು, ಜಗಳ ನಿಲ್ಲಿಸಿದ ಜಾಗದಿಂದಲೇ ಮುಂದುವರಿಯಿತು.

ಮೈಸೂರಿನಲ್ಲಿ ನಾವು ನಾಲ್ವರು ಗೆಳೆಯರು ತಂಡ ಕಟ್ಟಿದೆವು. ಹಾಡುವವಳು ನಾನು. ನಮ್ಮ ಮೊದಲ ಕನ್ನಡ ಆಲ್ಬಮ್ಮು ಸಿದ್ಧವಾಗಿ ಬಿಡುಗಡೆಯ ದಿನವೂ ಗೊತ್ತಾದ ಮೇಲೆ ಅದನ್ನು ಮಾವನ ಕೊಟ್ಟಿಗೆಗೆ ಒಯ್ದೆ. ಯಾರು ಏನಂದರೂ ಸರಿ, ಅವನು ಒಪ್ಪಬೇಕಿತ್ತು. ಅವನು ಹಾಲು ಕರೆಯುತ್ತಾ ಕೇಳಿದ. ಹುಲ್ಲಿನ ಹೊರೆಯ ಮೇಲೆ ಕುಳಿತು ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಕೊನೆಯ ಹಾಡು ಮುಗಿದ ಮೇಲೆ ಕ್ಯಾನಿನ ಮುಚ್ಚಳ ಹಾಕಿ, ಕೈ ತೊಳೆದು ಬಂದ.

"ಇದ್ರಲ್ಲಿ ಆಡಿರೋದು ಯಾರಮ್ಮಿ?"

"ನಾನೇ ಮಾವ."

"ನೀನಲ್ಲ. ನಿನ್ ಗಂಟ್ಲು ನಂಗೊತ್ತಿಲ್ವಾ? ಮೇಲಕ್ ಓಗೋವಾಗ ಒಸಿ ಬಿರಿತದೆ. ಇಲ್ಲಿ ಎಲ್ಲೂ ಬಿರಿದೇ ಇಲ್ಲ. ಕಂಪ್ಯೂಟ್ರಲ್ಲಿ ತಿದ್ದಿ ತಿದ್ದಿ ನಿನ್ನೇ ಆಚಿಗಾಕ್ಬುಟ್ಟವ್ರೆ. ಬುಡುಗಡೆ ಮಾಡ್ಬ್ಯಾಡ ಇದ್ನ."

"ಈಗ ಎಲ್ರೂ ಅಂಗೇ ಮಾಡೋದು!" ಎಂದು ಕೂಗಿದೆ. "ಒಂದು ಹಾಡಾದ್ರೂ ಇಷ್ಟ ಆಗ್ಲಿಲ್ವಾ ನಿಂಗೆ?"

"ಇಷ್ಟ ಆಗಿದ್ಕೇ ಕಣಮ್ಮಿ ಯೋಳ್ತಿರೋದು."

ಬಸ್ಸಿನಲ್ಲಿ ಮತ್ತೆ ಕೇಳಿದೆ. ಅವನು ಹೇಳಿದ್ದು ನಿಜ, ಅದೇ ಹೊಟ್ಟೆ ಉರಿಸಿದ್ದು. ಬಿಡುಗಡೆ ಮುಂದಕ್ಕೆ ಹಾಕೋಣ, ನಾನು ಮತ್ತೊಮ್ಮೆ ಹಾಡುತ್ತೇನೆ, ತಿದ್ದದೆ ಇಡೋಣ ಎಂದಾಗ ತಂಡದಲ್ಲಿ ರಂಪವಾಯಿತು. "ಹಸು ಸಾಕೋ ನಿಮ್ ಮಾವನ ಮಾತಿಗೆ ನಮ್ ಆಲ್ಬಮ್ ನಿಲ್ಲಿಸ್ತೀಯಾ?" ಎಂದು ಡ್ರಮ್ಮು ಬಾರಿಸುವವನು ತಂಡವನ್ನೇ ಬಿಟ್ಟು ಹೋದ. ಇಷ್ಟಕ್ಕೆಲ್ಲ ಕಾರಣನಾದವನು ಮಾತ್ರ, "ಆತ್ರ ಬ್ಯಾಡ, ಮೆಲ್ಲಗ್ ಆಡು" ಎಂದು ತಣ್ಣಗೆ ಮೆಸೇಜು ಕಳಿಸುತ್ತಿದ್ದ. ಹಲ್ಲು ಕಚ್ಚಿಕೊಂಡು ಹಾಡಿದೆ.

ಹಾಡುಗಳೆಲ್ಲ ಮುಗಿಯುವ ಮೊದಲೇ ಮಾವ ಹೋದ. ಬೆಳಗ್ಗೆ ಡೈರಿಗೆ ಹಾಲು ಹಾಕಿ ಬಂದು ಜಗುಲಿಯಲ್ಲಿ ಕುಳಿತವನು ಏಳಲಿಲ್ಲ. ಎಲ್ಲರೂ ಅಳುತ್ತಿದ್ದರು. ನನಗೆ ದುಃಖಕ್ಕಿಂತ ಮೊದಲು ಬಂದದ್ದು ಸಿಟ್ಟು. ಇದು ಬೇಡ, ಬೇರೆ ಮಾಡು ಅಂದವನು, ಮಾಡಿದ್ದನ್ನು ಕೇಳುವಷ್ಟು ದಿನ ಇರಬಾರದಿತ್ತೇ?

ತಿಥಿ ಮುಗಿದ ಎಷ್ಟೋ ದಿನದ ಮೇಲೆ ಹೊಸ ಆಲ್ಬಮ್ಮು ಹಿಡಿದು ಹೋದೆ. ಈಗ ಅತ್ತೆ ಹಾಲು ಕರೆಯುತ್ತಾಳೆ. ಪೂರ್ತಿ ಕೇಳಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಸೆಂದಾಗದೆ ಕಣವ್ವ. ನಿಮ್ಮಾವ ಇದ್ದಿದ್ರೆ ಎಷ್ಟ್ ಕುಸಿ ಪಡ್ತಿದ್ರೋ."

ಖುಷಿ ಎಲ್ಲಿಂದ ಬಂತು, ಜಗಳ ತೆಗೆಯುತ್ತಿದ್ದ. ಅಮ್ಮ ಚೆನ್ನಾಗಿದೆ ಎನ್ನುತ್ತಾಳೆ, ಗೆಳತಿಯರು ಚೆನ್ನಾಗಿದೆ ಎನ್ನುತ್ತಾರೆ, ಬಿಟ್ಟುಹೋದ ಡ್ರಮ್ಮಿನವನೂ ಚೆನ್ನಾಗಿದೆ ಎಂದು ಬರೆದ. ಐದನೆಯ ಹಾಡಿನಲ್ಲಿ ಏನೋ ಸರಿಯಿಲ್ಲ. ಏನೆಂದು ನನಗೆ ಗೊತ್ತಾಗುತ್ತಿಲ್ಲ, ಹೇಳುವವರೂ ಯಾರೂ ಇಲ್ಲ.